ಸೈಟಿಗೆ ಸರ್ಟಿಫಿಕೇಟ್, ಗ್ರಾಹಕರಿಗೆ ಭರವಸೆ: ಸಣ್ಣ ವ್ಯಾಪಾರಕ್ಕೆ ಆರು ಸೂತ್ರಗಳು

ಹೋಮ್‌ಸ್ಟೇ ಇರಲಿ, ಸೀರೆ ಅಂಗಡಿ ಇರಲಿ, ಟ್ಯೂಷನ್ ಸೆಂಟರ್ ಇರಲಿ, ವೆಬ್‌ಸೈಟ್ ಇದೆ ಎಂದಮೇಲೆ ಅದಕ್ಕೆ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಇರಲೇಬೇಕು. ‘ಅದೆಲ್ಲ ಟೆಕ್ನಿಕಲ್, ನನಗೆ ಗೊತ್ತಾಗಲ್ಲ’ ಅನ್ನುವುದು ಬರೀ ಅಭ್ಯಾಸ. ಇವತ್ತೇ ಬಿಡಿ. ನೀವು ಓನರ್ ಆಗಿರಿ, ನಿನ್ನೆ ಕೆಲಸಕ್ಕೆ ಸೇರಿದವರಾಗಿರಿ, ಈ ಜವಾಬ್ದಾರಿಯನ್ನು ನೀವೇ ವಹಿಸಿಕೊಳ್ಳಿ.

1. ಮೊದಲು ಗ್ರಾಹಕರ ಕಣ್ಣಿಂದ ನೋಡಿ.
ಮೊಬೈಲ್‌ನಲ್ಲಿ ನಿಮ್ಮ ಸೈಟ್ ತೆರೆಯಿರಿ. ವಿಳಾಸದ ಮುಂದೆ ಡಬ್ಲ್ಯುಡಬ್ಲ್ಯುಡಬ್ಲ್ಯು ಹಾಕಿ ಒಮ್ಮೆ, ಹಾಕದೆ ಒಮ್ಮೆ ನೋಡಿ. ಎಷ್ಟೋ ಸೈಟ್‌ಗಳಲ್ಲಿ ಒಂದು ಸರಿಯಿರುತ್ತದೆ, ಇನ್ನೊಂದು ಕೈಕೊಡುತ್ತದೆ. ಸರ್ಟಿಫಿಕೇಟ್ ಇದ್ದರೆ ವಿಳಾಸ ಎಚ್‌ಟಿಟಿಪಿ ಬದಲು ಎಚ್‌ಟಿಟಿಪಿಎಸ್ ಎಂದು ಶುರುವಾಗುತ್ತದೆ. ಆ ಎಚ್‌ಟಿಟಿಪಿಎಸ್ ಇಲ್ಲದ ಎಲ್ಲ ಸೈಟ್‌ಗಳಿಗೂ ಕ್ರೋಮ್ 2018ರ ಜುಲೈನಿಂದ ‘ನಾಟ್ ಸೆಕ್ಯೂರ್’ ಎಂಬ ಹಣೆಪಟ್ಟಿ ಹಚ್ಚುತ್ತಿದೆ. ಅದನ್ನು ನೋಡಿದಮೇಲೂ ಯಾರು ಅಡ್ವಾನ್ಸ್ ಕಳಿಸುತ್ತಾರೆ?

2. ಸರ್ಟಿಫಿಕೇಟ್‌ನ ಕೆಲಸ ತಿಳಿದುಕೊಳ್ಳಿ.
ಸರ್ಟಿಫಿಕೇಟ್ ಎರಡು ಕೆಲಸ ಮಾಡುತ್ತದೆ. ಗ್ರಾಹಕರು ತಲುಪಿದ್ದು ನಿಮ್ಮ ಡೊಮೈನ್‌ಗೇ ಎಂದು ಖಾತ್ರಿಪಡಿಸುತ್ತದೆ. ದಾರಿಯಲ್ಲಿ ಹೋಗುವ ಮಾಹಿತಿಯನ್ನು ಬೇರೆಯವರು ಓದದಂತೆ, ತಿದ್ದದಂತೆ ಎನ್‌ಕ್ರಿಪ್ಟ್ ಮಾಡಲು ನೆರವಾಗುತ್ತದೆ. 2010ರಲ್ಲಿ ಬಂದ ಫೈರ್‌ಶೀಪ್ ಎಂಬ ಫೈರ್‌ಫಾಕ್ಸ್ ಎಕ್ಸ್‌ಟೆನ್ಷನ್ ಇದರ ಅಗತ್ಯವನ್ನು ಜಗತ್ತಿಗೇ ತೋರಿಸಿತು. ಓಪನ್ ವೈಫೈನಲ್ಲಿ ಪಕ್ಕದಲ್ಲಿ ಕೂತವರ ಫೇಸ್‌ಬುಕ್ ಅಕೌಂಟ್‌ಗೆ ಬರೀ ಒಂದು ಡಬಲ್ ಕ್ಲಿಕ್‌ನಲ್ಲಿ ನುಗ್ಗಬಹುದಿತ್ತು! ‘ನನ್ನ ಸೈಟಲ್ಲಿ ಪೇಮೆಂಟೇ ಇಲ್ಲ, ಬರೀ ಕ್ಯೂಆರ್ ಕೋಡ್ ಹಾಕಿದ್ದೀನಿ’ ಅನ್ನುತ್ತೀರಾ? ಎನ್‌ಕ್ರಿಪ್ಷನ್ ಇಲ್ಲದ ಪುಟದಲ್ಲಿ ಆ ಕ್ಯೂಆರ್ ಕೋಡನ್ನೇ ನಡುದಾರಿಯಲ್ಲಿ ಬದಲಾಯಿಸಬಹುದು. ಗ್ರಾಹಕರ ದುಡ್ಡು ಇನ್ನಾರದ್ದೋ ಖಾತೆಗೆ ಹೋಗುತ್ತದೆ, ಬೈಗುಳ ಮಾತ್ರ ನಿಮಗೆ ಬರುತ್ತದೆ.

3. ದುಡ್ಡಿನ ನೆಪ ಹೇಳಬೇಡಿ.
ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ 2015ರ ಡಿಸೆಂಬರ್‌ನಿಂದ ಎಲ್ಲರಿಗೂ ಉಚಿತವಾಗಿ ಸರ್ಟಿಫಿಕೇಟ್ ಕೊಡುತ್ತಿದೆ. ನಿಮ್ಮ ಹೋಸ್ಟಿಂಗ್ ಪ್ಯಾನೆಲ್‌ನಲ್ಲೇ ಅದರ ಬಟನ್ ಇರಬಹುದು, ಹುಡುಕಿ. ದುಬಾರಿ ಸರ್ಟಿಫಿಕೇಟ್‌ನಲ್ಲಿ ಕಂಪನಿಯ ಹೆಸರನ್ನೂ ಪರಿಶೀಲಿಸಿರುತ್ತಾರೆ, ಎನ್‌ಕ್ರಿಪ್ಷನ್ ಅದೇ. ಸಣ್ಣ ಅಂಗಡಿಗೆ ಉಚಿತದ್ದು ಧಾರಾಳವಾಗಿ ಸಾಕು.

4. ರಿನ್ಯೂವಲ್ ಆಟೋಮ್ಯಾಟಿಕ್ ಮಾಡಿ.
ಇಡೀ ಪಟ್ಟಿಯಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಸರ್ಟಿಫಿಕೇಟ್‌ನ ಅವಧಿ ಮುಗಿದರೆ ಬ್ರೌಸರ್ ಇಡೀ ಪರದೆ ತುಂಬ ಎಚ್ಚರಿಕೆ ಹಾಕಿ ಗ್ರಾಹಕರನ್ನು ಬಾಗಿಲಲ್ಲೇ ತಡೆಯುತ್ತದೆ. ಹಬ್ಬದ ಸೀಸನ್‌ನಲ್ಲಿ ಹೀಗಾದರೆ ಆರ್ಡರ್‌ಗಳು ಕೈತಪ್ಪಿದಂತೆಯೇ. ಮುಂದೆ ಗಡುವು ಇನ್ನೂ ಬಿಗಿಯಾಗುತ್ತದೆ. 2026ರ ಮಾರ್ಚ್ 15ರಿಂದ ಕೊಡುವ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿ 200 ದಿನ, 2027ರ ಮಾರ್ಚ್‌ನಿಂದ 100 ದಿನ, 2029ರ ಮಾರ್ಚ್‌ನಿಂದ ಬರೀ 47 ದಿನ. ಕಾರಣ ಸರಿಯಾಗಿಯೇ ಇದೆ: ಸರ್ಟಿಫಿಕೇಟ್‌ನ ಗುಪ್ತ ಡಿಜಿಟಲ್ ಕೀ ಕಳುವಾದರೂ ಕಳ್ಳನಿಗೆ ಅದು ಹೆಚ್ಚು ದಿನ ದಕ್ಕಬಾರದು. ನೆನಪಿಸುವ ಇಮೇಲ್ ಬರುತ್ತದೆ ಎಂದು ಕಾಯಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಅದನ್ನು 2025ರ ಜೂನ್‌ನಲ್ಲಿ ನಿಲ್ಲಿಸಿದೆ. ಆಟೋ ರಿನ್ಯೂವಲ್ ಆನ್ ಮಾಡಿ, ಆದರೂ ತಿಂಗಳಿಗೊಮ್ಮೆ ಎಕ್ಸ್‌ಪೈರಿ ದಿನಾಂಕ ನೋಡಿ.

5. ಅಷ್ಟಕ್ಕೇ ನಿಲ್ಲಬೇಡಿ.
ಹಳೆಯ ಎಚ್‌ಟಿಟಿಪಿ ಲಿಂಕ್‌ಗಳನ್ನೆಲ್ಲ ಎಚ್‌ಟಿಟಿಪಿಎಸ್ ವಿಳಾಸಕ್ಕೆ ರೀಡೈರೆಕ್ಟ್ ಮಾಡಿಸಿ. ಗೂಗಲ್ 2014ರಿಂದಲೇ ಎಚ್‌ಟಿಟಿಪಿಎಸ್ ಅನ್ನು ರ‍್ಯಾಂಕಿಂಗ್‌ಗೆ ಪರಿಗಣಿಸುತ್ತಿದೆ, ತೂಕ ಕಡಿಮೆಯಾದರೂ. ಇನ್ನೊಂದು ಮಾತು: ಸರ್ಟಿಫಿಕೇಟ್ ಕಾಯುವುದು ದಾರಿಯನ್ನು, ಸರ್ವರ್ ಅನ್ನಲ್ಲ. ಪ್ಲಗಿನ್ ಅಪ್‌ಡೇಟ್ ಮಾಡಿ, ಅಡ್ಮಿನ್ ಲಾಗಿನ್‌ಗೆ ಪಾಸ್‌ವರ್ಡ್ ಜೊತೆ ಇನ್ನೊಂದು ಪುರಾವೆ ಕೇಳುವ ಟೂ ಫ್ಯಾಕ್ಟರ್ ಹಾಕಿ. ಮೋಸದ ಸೈಟ್‌ಗಳಿಗೂ ಸರ್ಟಿಫಿಕೇಟ್ ಸಿಗುತ್ತದೆ. ವಿಳಾಸದ ಪಕ್ಕದ ಬೀಗದ ಚಿತ್ರ ನೋಡಿ ಜನ ಸೈಟನ್ನೇ ನಂಬಿಬಿಡುತ್ತಾರೆ ಎಂದು ಕ್ರೋಮ್ 2023ರಲ್ಲಿ ಆ ಚಿತ್ರವನ್ನೇ ಬದಲಾಯಿಸಿತು.

6. ಲಾಗಿನ್ ನಿಮ್ಮ ಕೈಯಲ್ಲಿರಲಿ.
ಸೈಟ್ ಮಾಡಿಕೊಟ್ಟ ಹುಡುಗ ಬೇರೆ ಊರಿಗೆ ಹೋಗಿರುತ್ತಾನೆ, ಫೋನ್ ಎತ್ತುವುದಿಲ್ಲ. ಡೊಮೈನ್ ಅವನ ಇಮೇಲ್‌ನಲ್ಲಿದ್ದರೆ ನೀವು ಏನೂ ಮಾಡಲಾರಿರಿ. ಡೊಮೈನ್ ಮತ್ತು ಹೋಸ್ಟಿಂಗ್ ಎರಡನ್ನೂ ವ್ಯಾಪಾರದ ಇಮೇಲ್‌ಗೆ ವರ್ಗಾಯಿಸಿಕೊಳ್ಳಿ. ಇವತ್ತೇ ಅವನಿಗೆ ಫೋನ್ ಮಾಡಿ.