ಮಿದುಳಿನ ಕಾಂಡ ಮತ್ತು ಮಿದುಳುಬಳ್ಳಿ

ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಕೊಯ್ಲಿನ ಕಾಲ. ಕೊಂಬೆಯ ಮೇಲೆ ನಿಂತ ಆಳು ದೂರದ ಹಣ್ಣಿಗೆ ಕೈ ಚಾಚುತ್ತಾನೆ. ಕೊಂಬೆ ಬಾಗುತ್ತದೆ, ಆದರೆ ಅವನು ಬೀಳುವುದಿಲ್ಲ. ಅವನ ಗಮನವೆಲ್ಲ ಹಣ್ಣಿನ ಮೇಲಿದೆ. ಹಾಗಾದರೆ ತಕ್ಕ ಕ್ಷಣದಲ್ಲಿ ಕಾಲುಗಳನ್ನು ಬಿಗಿಗೊಳಿಸಿದವರು ಯಾರು?

ಮಿದುಳನ್ನು ಮಿದುಳುಬಳ್ಳಿಗೆ ಜೋಡಿಸುವ ಭಾಗವೇ ಮಿದುಳಿನ ಕಾಂಡ. ಮಧ್ಯಮಿದುಳು, ಪಾನ್ಸ್, ಮೆಡುಲ್ಲಾ ಇದರ ಮೂರು ಅಂಗಗಳು. ಇಲ್ಲಿಂದ ಹೊರಟ ನರತಂತುಗಳು ಬೆನ್ನೆಲುಬಿನೊಳಗೆ ಇಳಿದು, ಮಿದುಳುಬಳ್ಳಿಯ ನರಕೋಶಗಳನ್ನು ನಿಯಂತ್ರಿಸುತ್ತವೆ. ಒಳಗಿವಿಯಲ್ಲಿರುವ ಸಮತೋಲನದ ಅಂಗವು ತಲೆಯ ಓಲಾಟವನ್ನು ತಿಳಿಸಿದೊಡನೆ, ಕಾಂಡದ ಒಂದು ಕೇಂದ್ರವು ಕಾಲಿನ ಸ್ನಾಯುಗಳನ್ನು ನಡೆಸುವ ನರಕೋಶಗಳನ್ನು ಚೋದಿಸುತ್ತದೆ. ಮತ್ತೊಂದು ಕೇಂದ್ರವು ಅವನ್ನು ತಡೆದು, ಸ್ನಾಯುಗಳು ಮಿತಿಮೀರಿ ಬಿಗಿಯದಂತೆ ಕಾಯುತ್ತದೆ. ಇವೆರಡೂ ಹದವಾಗಿದ್ದರೆ ಮಾತ್ರ ನಡಿಗೆ ಸಲೀಸು.

ಈ ಹದ ತಪ್ಪಿದರೆ ಏನಾದೀತೆಂಬುದನ್ನು ಬ್ರಿಟನ್ನಿನ ಚಾರ್ಲ್ಸ್ ಶೆರಿಂಗ್ಟನ್ 1898ರಲ್ಲಿ ತೋರಿಸಿದರು. ಬೆಕ್ಕಿನ ಮಧ್ಯಮಿದುಳಿನ ಮಟ್ಟದಲ್ಲಿ ಮೇಲಿನ ಮಿದುಳಿನ ಸಂಪರ್ಕವನ್ನು ಕಡಿದಾಗ, ಅದರ ನಾಲ್ಕು ಕಾಲುಗಳೂ ಕಂಬಗಳಂತೆ ಸೆಟೆದು ನಿಂತವು. ತಡೆಯುವ ಕೇಂದ್ರಕ್ಕೆ ಮೇಲಿನಿಂದ ದೊರೆಯುತ್ತಿದ್ದ ಬೆಂಬಲ ತಪ್ಪಿ, ಚೋದಿಸುವ ಕೇಂದ್ರಗಳದೇ ಮೇಲುಗೈಯಾಗಿತ್ತು.

ಇದು ಕೇವಲ ಪ್ರಯೋಗಶಾಲೆಯ ಸಂಗತಿಯಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳು ಬತ್ತಿದಂತೆ ಕೊಳವೆ ಬಾವಿಗಳು ಆಳಕ್ಕಿಳಿದವು. ಶಿಲೆಗಳಿಂದ ಕರಗಿದ ಫ್ಲೋರೈಡ್ ಅನೇಕ ಬಾವಿಗಳ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂನ ಮಿತಿಯನ್ನು ಮೀರಿದೆ. ಇಂತಹ ನೀರನ್ನು ಬಹುಕಾಲ ಕುಡಿದವರ ಹಲ್ಲು ಕಂದುಗಟ್ಟುವುದುಂಟು, ಕೀಲು ಬಿಗಿಯುವುದುಂಟು. ರೋಗ ತೀವ್ರವಾದರೆ ಬೆನ್ನೆಲುಬಿನ ಮೂಳೆಗಳು ದಪ್ಪವಾಗಿ, ಅವನ್ನು ಕಟ್ಟುವ ತಂತುಪಟ್ಟಿಗಳು ಗಟ್ಟಿಯಾಗಿ, ಒಳಗಿನ ಮಿದುಳುಬಳ್ಳಿ ಅದುಮಿಹೋಗುತ್ತದೆ. ಆಗ ಕಾಂಡದ ಆಜ್ಞೆಗಳು ಕೆಳಗಿನ ನರಕೋಶಗಳನ್ನು ಸರಿಯಾಗಿ ತಲುಪವು. ತಡೆಯಿಲ್ಲದ ಕಾಲುಗಳು ಸೆಟೆದು ಬಲಗುಂದುತ್ತವೆ. ಮಿದುಳೂ ಕೆಟ್ಟಿಲ್ಲ, ಕಾಲೂ ಮುರಿದಿಲ್ಲ. ನಡುವಿನ ದಾರಿ ಮಾತ್ರ ಇಕ್ಕಟ್ಟಾಗಿದೆ.

ಶಸ್ತ್ರಚಿಕಿತ್ಸೆಯಿಂದ ಒತ್ತಡವನ್ನು ಇಳಿಸಬಹುದಾದರೂ ನಷ್ಟವಾದ ನರತಂತುಗಳು ಸುಲಭವಾಗಿ ಮರಳಿ ಬೆಳೆಯವು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆದುದರಿಂದ ಊರಿನ ನೀರನ್ನು ಪರೀಕ್ಷೆ ಮಾಡಿಸುವುದು, ಫ್ಲೋರೈಡ್ ತೆಗೆದ ನೀರನ್ನೋ ಶುದ್ಧವಾಗಿ ಹಿಡಿದಿಟ್ಟ ಮಳೆನೀರನ್ನೋ ಕುಡಿಯುವುದು ಅಗತ್ಯ. ಕೊಂಬೆಯ ಮೇಲಿನ ಆ ಆಳು ಮುಪ್ಪಿನಲ್ಲಿಯೂ ನೆಟ್ಟಗೆ ನಡೆಯಬೇಕಾದರೆ, ಇಂದು ಅವನ ಮನೆಯ ಕೊಡದಲ್ಲಿರುವ ನೀರು ಒಳ್ಳೆಯದಾಗಿರಬೇಕು.

ಪ್ರಶ್ನೆಗಳು
1. ಕೊಂಬೆ ಬಾಗಿದರೂ ಆಳು ಬೀಳದಿರಲು ಕಾರಣವೇನು?
2. ಫ್ಲೋರೈಡ್ ಹೆಚ್ಚಿರುವ ನೀರು ನಡಿಗೆಗೆ ಹೇಗೆ ಅಡ್ಡಿಯಾಗುತ್ತದೆ? ವಿವರಿಸಿರಿ.