ದೂರವೂ ಕಾಲವೂ

ಎರಡು ಊರುಗಳ ನಡುವಣ ದೂರವೆಷ್ಟೆಂದು ಕೇಳಿದರೆ ನಮ್ಮ ವಿದ್ಯಾರ್ಥಿನಿಯರು ಒಂದು ಸಂಖ್ಯೆಯನ್ನು ಹೇಳಿ ಸುಮ್ಮನಾಗುವುದು ವಾಡಿಕೆ. ಆದರೆ ದೂರವು ಒಂದೇ ಬಗೆಯದಲ್ಲ. ಪ್ರಯಾಣದ ಕಾಲವಾದರೋ ದೂರವೊಂದನ್ನೇ ಅನುಸರಿಸತಕ್ಕದ್ದಲ್ಲ. ಇದನ್ನು ನಮ್ಮ ಸೀಮೆಯ ಉದಾಹರಣೆಗಳಿಂದಲೇ ವಿಚಾರಿಸೋಣ.

ಭೂಪಟದ ಮೇಲೆ ದಾವಣಗೆರೆಯಿಂದ ಬೆಂಗಳೂರಿಗೆ ನೇರವಾದ ಗೆರೆಯನ್ನೆಳೆದು ಅಳೆದರೆ ಸುಮಾರು 245 ಕಿಲೋಮೀಟರು. ಚಿತ್ರದುರ್ಗ, ತುಮಕೂರುಗಳ ಮೇಲೆ ಹೋಗುವ ಹೆದ್ದಾರಿಯಲ್ಲಿ ಸುಮಾರು 265. ಬೀರೂರು, ಅರಸೀಕೆರೆಗಳನ್ನು ಬಳಸಿ ಹೋಗುವ ರೈಲುದಾರಿಯಲ್ಲಿ ಸುಮಾರು 325. ಮೂರೂ ಸತ್ಯವೇ, ಮೊದಲನೆಯದು ಹಕ್ಕಿಯ ದಾರಿ, ಉಳಿದವು ಮನುಷ್ಯರ ದಾರಿಗಳು.

ಇನ್ನು ವಿಮಾನದ ಲೆಕ್ಕ. ಗಂಟೆಗೆ 500 ಕಿಲೋಮೀಟರು ಹಾರುವ ವಿಮಾನವು ಹರಿಹರದಿಂದ ದಾವಣಗೆರೆಗಿರುವ ಸುಮಾರು 14 ಕಿಲೋಮೀಟರನ್ನು ಎಷ್ಟು ಹೊತ್ತಿನಲ್ಲಿ ದಾಟೀತು? ಭಾಗಾಕಾರ ಮಾಡಿದರೆ ಎರಡು ನಿಮಿಷವೂ ಆಗದು. ಆದರೆ ಅಷ್ಟರೊಳಗೆ ವಿಮಾನವು ತನ್ನ ಎತ್ತರವನ್ನೂ ಪೂರ್ಣವೇಗವನ್ನೂ ಪಡೆಯಲಾರದು. ಲೆಕ್ಕವು ಸರಿ, ಪ್ರಯಾಣವು ಅಸಾಧ್ಯ. ಈ ಎರಡು ಊರುಗಳಲ್ಲಿ ಪ್ರಯಾಣಿಕರ ವಿಮಾನ ನಿಲ್ದಾಣವೂ ಇಲ್ಲ.

ನಮಗೆ ಸಮೀಪದ ನಿಲ್ದಾಣವೆಂದರೆ 2023ರಲ್ಲಿ ಆರಂಭವಾದ ಶಿವಮೊಗ್ಗದ ಸೋಗಾನೆ. ಅಲ್ಲಿಂದ ದೇವನಹಳ್ಳಿಯ ನಿಲ್ದಾಣಕ್ಕೆ ನೇರದೂರ ಸುಮಾರು 240 ಕಿಲೋಮೀಟರು. ಅದೇ 500ರ ವೇಗದಿಂದ ಭಾಗಿಸಿದರೆ 29 ನಿಮಿಷಗಳಾಗುವುವು. ವೇಳಾಪಟ್ಟಿಯಲ್ಲಾದರೋ ಹೆಚ್ಚುಕಡಿಮೆ ಒಂದು ಗಂಟೆ. ಅದೇಕೆ? ವೇಳಾಪಟ್ಟಿಯ ಕಾಲವು ವಿಮಾನವು ನಿಂತ ಸ್ಥಳದಿಂದ ಕದಲಿದಾಗ ಮೊದಲಾಗಿ, ಮತ್ತೊಂದೆಡೆ ಹೋಗಿ ನಿಂತಾಗ ಮುಗಿಯುವುದು. ನೆಲದ ಮೇಲಿನ ಓಟ, ಸರದಿಗಾಗಿ ಕಾಯುವಿಕೆ, ಏರುವಾಗ ಇಳಿಯುವಾಗ ತಗ್ಗಿದ ವೇಗ, ಎದುರುಗಾಳಿ ಇವೆಲ್ಲವೂ ಅದರಲ್ಲಿ ಸೇರಿವೆ.

ಈಗ ಮನೆಯ ಬಾಗಿಲಿನಿಂದ ಎಣಿಸೋಣ. ದಾವಣಗೆರೆಯಿಂದ ಸೋಗಾನೆಗೆ ರಸ್ತೆಯಲ್ಲಿ ಸುಮಾರು ಎರಡು ಗಂಟೆ, ನಿಲ್ದಾಣದಲ್ಲಿ ಮುಂಚಿತವಾಗಿ ಹಾಜರಿರಲು ಒಂದು, ಹಾರಾಟಕ್ಕೆ ಒಂದು, ದೇವನಹಳ್ಳಿಯಿಂದ ಬೆಂಗಳೂರಿನ ನಡುಭಾಗಕ್ಕೆ ಮತ್ತೊಂದು. ಐದು ಗಂಟೆಗೆ ಕಡಿಮೆಯಿಲ್ಲ. 2023ರ ಜೂನ್ 27ರಂದು ಆರಂಭವಾದ ಧಾರವಾಡ–ಬೆಂಗಳೂರು ವಂದೇ ಭಾರತ್ ರೈಲಾದರೋ ದಾವಣಗೆರೆಯಿಂದ ಸುಮಾರು ನಾಲ್ಕು ಗಂಟೆಯಲ್ಲಿ ಬೆಂಗಳೂರನ್ನು ಮುಟ್ಟುವುದು. ಮೊದಲು ಅಳೆದ ಮೂರು ದಾರಿಗಳಲ್ಲಿ ದೀರ್ಘವಾದ ರೈಲುದಾರಿಯೇ ಇಲ್ಲಿ ವಿಮಾನದ ಪ್ರಯಾಣಕ್ಕಿಂತ ಬೇಗನೆ ಸಾಗುವ ದಾರಿಯಾಯಿತು!

ಇದು ಬರಿಯ ಲೆಕ್ಕದ ವಿನೋದವಲ್ಲ. ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವ ಮನೆಯವರಿಗೂ, ಪರೀಕ್ಷೆಗೋ ಉದ್ಯೋಗದ ಸಂದರ್ಶನಕ್ಕೋ ಪರವೂರಿಗೆ ಹೊರಟ ಹುಡುಗಿಗೂ ಒಂದು ಗಂಟೆಯ ತಪ್ಪು ಎಣಿಕೆಯಿಂದ ದೊಡ್ಡ ನಷ್ಟವುಂಟಾದೀತು. ಮುಂದೆ ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ತಮ್ಮ ಮನೆಯ ಪ್ರಯಾಣಗಳನ್ನು ತಾವೇ ನಿಶ್ಚಯಿಸತಕ್ಕವರು. ಆಗ “ಎಷ್ಟು ದೂರ?” ಎಂದು ಕೇಳಿ ನಿಲ್ಲದೆ, “ಯಾವ ದಾರಿ, ಎಲ್ಲಿಂದ ಎಲ್ಲಿಯವರೆಗೆ, ಕಾಯುವ ಹೊತ್ತೆಷ್ಟು?” ಎಂದೂ ಕೇಳುವುದನ್ನು ಈಗಲೇ ರೂಢಿಮಾಡಿಕೊಳ್ಳಬೇಕು.

ಅಭ್ಯಾಸ: ಒಬ್ಬ ವಿದ್ಯಾರ್ಥಿನಿಯು ಹರಿಹರದಲ್ಲಿ ಬಸ್ಸಿಗಾಗಿ 21 ನಿಮಿಷ ಕಾದು, ಗಂಟೆಗೆ 40 ಕಿಲೋಮೀಟರಿನಂತೆ 14 ಕಿಲೋಮೀಟರು ಸಾಗಿ ದಾವಣಗೆರೆಗೆ ಬಂದಳು. ಕಾದ ಹೊತ್ತನ್ನೂ ಸೇರಿಸಿದರೆ ಅವಳ ಸರಾಸರಿ ವೇಗವೆಷ್ಟು? ಉತ್ತರವನ್ನು ಬಸ್ಸಿನ ವೇಗದೊಡನೆ ಹೋಲಿಸಿರಿ.