ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ‘ಸ್ವಾತಂತ್ರ್ಯ’ ಟೈಪಿಸಿ

ಅಂಗಡಿಗೆ ಹೊರಡುವ ಮೊದಲು, ನೀವು ದಿನವೂ ಮಾಡುವ ಕೆಲಸ ಯಾವುದೆಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕಥೆ, ಲೇಖನ ಬರೆಯುವವರಿಗೆ 8 ಜಿಬಿ ರ‍್ಯಾಮ್ ಸಾಕು. ದುಬಾರಿ ಗ್ರಾಫಿಕ್ಸ್ ಕಾರ್ಡಿಗೆ ಸುರಿಯುವ ಹಣವನ್ನು ಒಳ್ಳೆಯ ಕೀಬೋರ್ಡಿಗೆ, ಕಣ್ಣಿಗೆ ಹಿತವಾದ ಪರದೆಗೆ ಹಾಕಿ. ವಿಡಿಯೊ ಎಡಿಟಿಂಗ್ ಮಾಡುವವರು ಮಾತ್ರ 16 ಜಿಬಿಗಿಂತ ಕೆಳಗಿಳಿಯಬೇಡಿ. ಇನ್ನು ಮನೆಯಲ್ಲಿರುವ ಹಳೆಯ ಕಂಪ್ಯೂಟರ್ ನಿಧಾನವಾಗಿದ್ದರೆ, ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ ನೋಡಿ. ಹೊಸದು ಬೇಕೆಂಬ ಆಸೆಯೇ ಎಷ್ಟೋ ಸಲ ಇಳಿದುಹೋಗುತ್ತದೆ.

ನನಗೆ ನಿಜವಾಗಿ ಕಳವಳವಿರುವುದು ಸಾಫ್ಟ್‌ವೇರಿನ ವಿಷಯದಲ್ಲಿ. ಪುಟ ವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್‌ನ ಕೊನೆಯ ಪ್ರಮುಖ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ಕನ್ನಡ ಬಾರದು. ಹಳೆಯ ಫಾಂಟುಗಳಲ್ಲಿ ಟೈಪಿಸಿದ ಬರಹ, ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ. ವರ್ಷಗಟ್ಟಲೆ ಬರೆದದ್ದು ನಾಳೆ ನಮ್ಮ ಮಕ್ಕಳಿಗೇ ಓದಲು ಬಾರದೆ ಹೋಗುವುದು ಬೇಡ. ಇವತ್ತಿನಿಂದಲೇ ಯುನಿಕೋಡಿನಲ್ಲಿ ಬರೆಯಿರಿ, ಹಳೆಯ ಕಡತಗಳನ್ನು ಬಿಡುವಾದಾಗಲೆಲ್ಲ ಪರಿವರ್ತಿಸಿಡಿ.

ಬರವಣಿಗೆಗೆ ಲಿಬ್ರೆ ಆಫೀಸ್, ಚಿತ್ರಕ್ಕೆ ಕ್ರಿಟಾ, ಲೋಗೊ ಮತ್ತು ಪೋಸ್ಟರಿಗೆ ಇಂಕ್‌ಸ್ಕೇಪ್ ಉಚಿತವಾಗಿಯೇ ಸಿಗುತ್ತವೆ. ಕಾಸು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವುದಾದರೆ ಮೊದಲು ಪ್ರಾಯೋಗಿಕ ಆವೃತ್ತಿ ಹಾಕಿಕೊಂಡು ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ಅರ್ಥ’ ಎಂದು ಟೈಪಿಸಿ, ಪಿಡಿಎಫ್ ಮಾಡಿ, ಫೋನಿನಲ್ಲಿ ತೆರೆದು ನೋಡಿ. ಒತ್ತು, ಅರ್ಕಾವತ್ತು ಜಾಗ ತಪ್ಪಿದ್ದರೆ ಅದು ನಿಮ್ಮ ಕೆಲಸಕ್ಕೆ ಒದಗುವುದಿಲ್ಲ.

ಅಂದಹಾಗೆ, ಬ್ಯಾಕಪ್‌ಗೆಂದು ಒಂದು ಎಕ್ಸ್‌ಟರ್ನಲ್ ಡಿಸ್ಕನ್ನೂ ಲ್ಯಾಪ್‌ಟಾಪ್ ಕೊಳ್ಳುವ ದಿನವೇ ಕೊಂಡುಬಿಡಿ.